ಅರ್ಧ ಗಾಳಿ, ಅರ್ಧ ನೀರು

ಹಸಿರು ಕಟ್ಟಡವೆಂದು ಫಲಕ ಹಾಕಿಕೊಂಡ ಕಚೇರಿಗಳು ನಮ್ಮ ನಗರಗಳಲ್ಲಿ ಬೇಕಾದಷ್ಟಿವೆ. ಅವುಗಳ ಉಳಿತಾಯದ ಲೆಕ್ಕ ಹೆಚ್ಚಾಗಿ ಕಂಪ್ಯೂಟರಿನಲ್ಲಿ ಕಲ್ಪಿಸಿಕೊಂಡ ಇನ್ನೊಂದು ಕಟ್ಟಡದ ಎದುರು ಹಾಕಿದ್ದು. ಹೈದರಾಬಾದಿನ ಹೊರವಲಯದ ಪೋಚಾರಂನಲ್ಲಿ ಬೆಂಗಳೂರಿನ ಇನ್ಫೋಸಿಸ್ 2011ರಲ್ಲಿ ಮುಗಿಸಿದ ಸಾಫ್ಟ್‌ವೇರ್ ಬ್ಲಾಕ್ ಈ ರೂಢಿಗೆ ಹೊರತು. ಸುಮಾರು 2.5 ಲಕ್ಷ ಚದರಡಿಯ ಕಟ್ಟಡವನ್ನು ಸರಿಯಾಗಿ ಎರಡು ಪಾಲು ಮಾಡಿ, ಒಂದಕ್ಕೆ ಎಂದಿನ ಸೆಂಟ್ರಲ್ ಎ.ಸಿ., ಇನ್ನೊಂದಕ್ಕೆ ನೀರಿನಿಂದ ತಂಪಾಗುವ ಚಾವಣಿ ಕೊಟ್ಟರು. ಗೋಡೆ, ಕಿಟಕಿ, ಬಿಸಿಲು ಎರಡಕ್ಕೂ ಒಂದೇ. ಮೀಟರ್ ಮಾತ್ರ ಬೇರೆ ಬೇರೆ. ನಮ್ಮಲ್ಲಿ ಕಟ್ಟಡವೊಂದನ್ನೇ ಪ್ರಯೋಗವಾಗಿಸಿದ ಈ ಧೈರ್ಯ ನನಗೆ ಅದರ ಪ್ಲಾಟಿನಂ ದರ್ಜೆಯ ಹಸಿರು ಫಲಕಕ್ಕಿಂತ ದೊಡ್ಡದಾಗಿ ಕಾಣುತ್ತದೆ.

ನೀರಿನ ಪಾಲಿನಲ್ಲಿ ಮೋಲ್ಡ್ ಹಾಕುವ ಮೊದಲೇ ಕಂಬಿಗಳ ನಡುವೆ ಪ್ಲಾಸ್ಟಿಕ್ ಪೈಪುಗಳನ್ನು ಸುರುಳಿ ಸುರುಳಿಯಾಗಿ ಹಾಸಿ, ಮೇಲೆ ಕಾಂಕ್ರೀಟ್ ಸುರಿದರು. ಪೈಪಿನಲ್ಲಿ ತಣ್ಣೀರು ಹರಿದಾಗ ಸ್ಲ್ಯಾಬ್ ತಂಪಾಗಿ, ಕೆಳಗೆ ಕೂತವರ ಮೈಯ ಶಾಖವನ್ನು ಹೀರಿಕೊಳ್ಳುತ್ತದೆ. ಬೇಸಿಗೆಯ ಮಧ್ಯಾಹ್ನ ಹಳೆ ಮನೆಯ ರೆಡ್ ಆಕ್ಸೈಡ್ ನೆಲದ ಮೇಲೆ ಮಲಗಿದವರಿಗೆ ಈ ತಂಪಿನ ಗುಣ ಗೊತ್ತು. ಗಾಳಿ ಬೀಸದೆಯೂ ಮೈ ಹಗುರಾಗುತ್ತದೆ. ಒಂದೇ ಗಾತ್ರದ ಗಾಳಿಗಿಂತ ನೀರು ಮೂರು ಸಾವಿರ ಪಟ್ಟಿಗೂ ಹೆಚ್ಚು ಶಾಖ ಹೊರಬಲ್ಲದು. ಹಾಗಾಗಿ ದೊಡ್ಡ ದೊಡ್ಡ ಫ್ಯಾನುಗಳು ಡಕ್ಟಿನಲ್ಲಿ ಗಾಳಿ ದೂಡುವ ಕೆಲಸವನ್ನು ಸಣ್ಣ ಪಂಪು ಮಾಡಿಬಿಡುತ್ತದೆ. ಮಾಮೂಲಿ ವ್ಯವಸ್ಥೆಗೆ 7–8 ಡಿಗ್ರಿಯ ನೀರು ಬೇಕು, ಇದಕ್ಕೆ 14 ಡಿಗ್ರಿಯ ಆಸುಪಾಸು ಸಾಕು; ನೀರು ತಣಿಸುವ ಯಂತ್ರವಾದ ಚಿಲ್ಲರಿನ ಶ್ರಮವೂ ಅಷ್ಟು ಕಡಿಮೆ. ಉಸಿರಾಟಕ್ಕೆ ಬೇಕಾದ ಹೊರಗಿನ ಗಾಳಿಗೆ ಪ್ರತ್ಯೇಕ ಯಂತ್ರವಿದೆ. ಮೊದಲ ಎರಡು ವರ್ಷಗಳ ಅಳತೆಯಲ್ಲಿ ನೀರಿನ ಪಾಲು ತಂಪಿಗಾಗಿ ಬಳಸಿದ ವಿದ್ಯುತ್ ಸುಮಾರು ಶೇ. 34ರಷ್ಟು ಕಡಿಮೆ. ಕಟ್ಟುವ ಖರ್ಚೂ ಹೆಚ್ಚಾಗಲಿಲ್ಲ.

ಈ 34ನ್ನು ಎಲ್ಲರೂ ಹೇಳುತ್ತಾರೆ. ನನ್ನ ಮಟ್ಟಿಗೆ ಅದಕ್ಕಿಂತ ಮುಖ್ಯವಾದದ್ದು, ಸೋತ ಪಾಲು ಕೂಡ ನಮ್ಮ ಸಾಮಾನ್ಯ ಕಚೇರಿಗಳಿಗಿಂತ ಎಷ್ಟೋ ಮಿತವಾಗಿ ನಡೆಯಿತು ಎಂಬುದು. ಕಾರಣ ಯಂತ್ರವಷ್ಟೇ ಅಲ್ಲ, ಕಟ್ಟಡದ ಮೈಕಟ್ಟು ಕೂಡ. ಉದ್ದನೆಯ ಮುಖಗಳು ಉತ್ತರ ದಕ್ಷಿಣಕ್ಕಿವೆ. ಕಿಟಕಿಯ ಮೇಲಿನ ತುಂಡು ಬೆಳಕನ್ನು ಒಳಚಾವಣಿಗೆ ಹಾಯಿಸಲು, ಕೆಳಗಿನದು ಹೊರಗೆ ನೋಡಲು. ಎರಡಕ್ಕೂ ಬಿಸಿಲು ತಡೆಯುವ ಮರೆ. ತಂಪು ಚಾವಣಿಯ ಶಕ್ತಿಗೆ ಮಿತಿಯಿದೆ. ಪಡುವಣ ಬಿಸಿಲಿಗೆ ತೆರೆದ ಗಾಜಿನ ಗೋಡೆಯ ಹಿಂದೆ ಅದನ್ನು ಹಾಕಿದರೆ ಸೋಲುವುದು ಖಂಡಿತ. ನಮ್ಮ ಬಿಲ್ಡರುಗಳು ಮಾತ್ರ ಮೊದಲು ಗಾಜು ತೊಡಿಸಿ, ಆಮೇಲೆ ಎಷ್ಟು ಟನ್ ಎ.ಸಿ. ಬೇಕೆಂದು ಕೇಳುತ್ತಾರೆ. ಕೇಂದ್ರದ ಇಂಧನ ಸಂರಕ್ಷಣಾ ಕಟ್ಟಡ ಸಂಹಿತೆ 2007ರಲ್ಲಿ ಬಂದರೂ ಈ ಕ್ರಮ ತಿರುಗಿಲ್ಲ ಎಂಬುದೇ ಸಂಕಟ.

ಕೊರತೆಗಳನ್ನೂ ಹೇಳಲೇಬೇಕು. 2014ರಲ್ಲಿ ಅಮೆರಿಕದ ಹವಾನಿಯಂತ್ರಣ ಎಂಜಿನಿಯರುಗಳ ಸಂಘವಾದ ಆಶ್ರೇಯ ಪತ್ರಿಕೆಯಲ್ಲಿ ಈ ಹೋಲಿಕೆಯನ್ನು ಬರೆದವರು ಕಂಪನಿಯ ಎಂಜಿನಿಯರ್ ಮತ್ತು ಅವರ ಸಲಹೆಗಾರ. ಕಟ್ಟಿದವರೇ ಅಳೆದದ್ದು. ಅಂಕಿಗಳನ್ನು ಬಹಿರಂಗಪಡಿಸಿದ್ದು ದೊಡ್ಡತನ, ಆದರೂ ಹೊರಗಿನವರ ಅಳತೆಯ ತೂಕ ಬೇರೆ. ತಂಪು ಸ್ಲ್ಯಾಬಿಗೆ ಫಾಲ್ಸ್ ಸೀಲಿಂಗ್ ಮುಚ್ಚುವಂತಿಲ್ಲ, ಹಾಗಾಗಿ ಬರಿಯ ಕಾಂಕ್ರೀಟಿಗೆ ಮಾತು ಬಡಿದು ಸದ್ದು ಹೆಚ್ಚುತ್ತದೆ. ಬೇಕಾದಲ್ಲಿ ಡ್ರಿಲ್ ಮಾಡುವಂತಿಲ್ಲ. ದಪ್ಪ ಕಾಂಕ್ರೀಟ್ ನಿಧಾನಿ. ಮಧ್ಯಾಹ್ನ ಇದ್ದಕ್ಕಿದ್ದಂತೆ ಸಭೆಗೆ ನೂರು ಜನ ಸೇರಿದರೆ ಕೂಡಲೇ ಸ್ಪಂದಿಸದು. ಎಲ್ಲಕ್ಕಿಂತ ದೊಡ್ಡ ಭಯ ತೇವದ್ದು. ಚಾವಣಿಯ ಉಷ್ಣತೆ ಇಬ್ಬನಿ ಕಟ್ಟುವ ಮಟ್ಟಕ್ಕಿಳಿದರೆ ಹನಿಗಳು ನೇರ ಮೇಜಿನ ಮೇಲೆ ಬೀಳುತ್ತವೆ. ಅದಕ್ಕಾಗಿ ಒಳಬರುವ ಗಾಳಿಯನ್ನು ಮೊದಲೇ ಒಣಗಿಸಬೇಕು, ಕಿಟಕಿ ಮುಚ್ಚಿರಬೇಕು. ಹೈದರಾಬಾದಿನಲ್ಲಿ ಇದು ನಿಭಾಯಿಸಬಹುದಾದ ಕೆಲಸ. ಮಂಗಳೂರಿನ ಜೂನ್ ತಿಂಗಳಲ್ಲಿ ಗಾಳಿ ಒಣಗಿಸುವುದಕ್ಕೇ ಉಳಿತಾಯದ ಒಂದು ಪಾಲು ಹೋಗುತ್ತದೆ. ಅಲ್ಲಿಗೆ 34ನ್ನು ಹಾಗೇ ಹೊತ್ತೊಯ್ಯಬಾರದು.

ಇನ್ನೊಂದು ಅಡ್ಡಿ ದುಡ್ಡಿನದು. ಇನ್ಫೋಸಿಸ್ ತನ್ನ ಕಟ್ಟಡವನ್ನು ತಾನೇ ಕಟ್ಟಿ, ತಾನೇ ಕೂತು, ತಾನೇ ಕರೆಂಟ್ ಬಿಲ್ ಕಟ್ಟುತ್ತದೆ. ಬೆಂಗಳೂರಿನ ಹೊರವರ್ತುಲ ರಸ್ತೆಯ ಬಾಡಿಗೆ ಕಚೇರಿಗಳಲ್ಲಿ ಕಟ್ಟುವವನೊಬ್ಬ, ಬಿಲ್ ತೆರುವವನೊಬ್ಬ. ಪೈಪ್ ಹಾಸಲು ಕಟ್ಟುವವನಿಗೆ ಯಾವ ಲಾಭವೂ ಇಲ್ಲ. ಎದ್ದು ನಿಂತ ಕಟ್ಟಡಗಳ ಸ್ಲ್ಯಾಬಿನೊಳಗೆ ಈಗ ಪೈಪ್ ತೂರಿಸಲೂ ಆಗದು. ಆದರೆ ಉಸಿರಿನ ಗಾಳಿಯನ್ನೂ ತಂಪನ್ನೂ ಬೇರ್ಪಡಿಸುವುದು, ಸೆಕೆ ಕಡಿಮೆ ಇರುವ ತಿಂಗಳುಗಳಲ್ಲಿ ಚಿಲ್ಲರ್ ನೀರನ್ನು ಕೆಲವು ಡಿಗ್ರಿ ಏರಿಸುವುದು, ಪಡುವಣ ಗಾಜಿಗೆ ಹೊರಗಿನಿಂದ ಮರೆ ಕಟ್ಟುವುದು, ಎ.ಸಿ.ಗೆಂದೇ ಬೇರೆ ಮೀಟರ್ ಕೂರಿಸಿ ಪ್ರತಿ ತಿಂಗಳ ಅಂಕಿಯನ್ನು ಬಾಡಿಗೆದಾರರ ಮುಂದಿಡುವುದು: ಇಷ್ಟಕ್ಕೆ ಹೊಸ ಕಟ್ಟಡ ಬೇಕಿಲ್ಲ, ಬಾಡಿಗೆ ಕರಾರಿನಲ್ಲಿ ನಾಲ್ಕು ಸಾಲು ಸೇರಿಸಿದರೆ ಸಾಕು.