ಉಸ್ತಾದರ ಕಿವಿ

ಗಾಡಿಯ ಸದ್ದನ್ನು ಬೀದಿಯ ಆಚೆಬದಿಯಿಂದ ಕೇಳಿದ ಮಾತ್ರಕ್ಕೆ ಅದರ ರೋಗವನ್ನು ಹೇಳಬಲ್ಲವರೆಂಬ ಕೀರ್ತಿ ನಮ್ಮ ಮೈಸೂರಿನ ಕೆಲವು ಉಸ್ತಾದರಿಗೆ ಬಹುಕಾಲದಿಂದ ಸಲ್ಲುತ್ತ ಬಂದಿದೆ. ಆ ಕೀರ್ತಿಯು ಅರ್ಹತೆಯನ್ನು ಮೀರಿ ಬೆಳೆದದ್ದೆಂಬುದು ನನ್ನ ದೃಢವಾದ ಅಭಿಪ್ರಾಯ. ಯಾದವಗಿರಿಯ ಕಾರ್ಖಾನೆಯಿಂದ 1961ರಲ್ಲಿ ಜಾವಾ ಎಂದು ಹೊರಟು, 1973ರಿಂದ ಯೆಜ್ಡಿಯೆನಿಸಿ, 1996ರಲ್ಲಿ ನಿಂತುಹೋದ ಆ ವಾಹನದ ಚರಿತ್ರೆಯನ್ನು ಈ ಊರಿನ ಓದುಗರಿಗೆ ನಾನು ಹೇಳಬೇಕಾದ್ದಿಲ್ಲ. ಪರೀಕ್ಷಿಸಬೇಕಾದದ್ದು ಒಂದೇ ಸಂದರ್ಭ: ಚೆನ್ನಾಗಿ ಓಡುತ್ತಿದ್ದ ಗಾಡಿ ಏರಿನ ನಡುವೆ ಹಠಾತ್ತಾಗಿ ಶಕ್ತಿಗುಂದುವುದು.

ಚಾಮುಂಡಿಬೆಟ್ಟದ ರಸ್ತೆಯಲ್ಲಿ, ನಂದಿಯ ಕಡೆಗೆ ಹೊರಳುವ ದಾರಿ ಇನ್ನೂ ತುಸು ದೂರವಿರುವಾಗ, ನನ್ನ ಯೆಜ್ಡಿ ಎಳೆಯಲಾರದೆ ನಿಂತಿತು. ಹತ್ತು ನಿಮಿಷ ಮರದ ನೆರಳಿನಲ್ಲಿರಿಸಿ ಕಿಕ್ ಹೊಡೆದರೆ ಏನೂ ಆಗದಂತೆ ಹೊರಟಿತು. ಮರುದಿನ ಗಾಡಿಯ ಸದ್ದನ್ನು ಕೇಳಿದ ಉಸ್ತಾದರೊಬ್ಬರು "ಪಿಸ್ಟನ್ ಹಿಡಿದಿದೆ, ಬೋರ್ ಮಾಡಿಸಿ ಸ್ವಾಮಿ" ಎಂದರು. ಹೆಡ್ಡನ್ನು ಬಿಚ್ಚಿದಾಗ ಪಿಸ್ಟನ್ನಿನ ಮೇಲೆ ಗೀರುಗಳೂ ಇದ್ದವು. ಅವರ ಕೀರ್ತಿ ಇನ್ನೊಂದು ಗೇಣು ಬೆಳೆಯಿತು. ಆದರೆ ಹೊಸ ಪಿಸ್ಟನ್ನು ಹಾಕಿಸಿ, ರನ್ನಿಂಗ್‌ಇನ್ ಮುಗಿಸಿದ ಮೇಲೆ, ಅದೇ ಏರಿನಲ್ಲಿ ಅದೇ ಗಾಡಿ ಮತ್ತೆ ನಿಂತಿತು.

ಇಲ್ಲಿಯೇ ವಿಷಯದ ಮರ್ಮವಿರುವುದು. ಟ್ಯಾಂಕಿನ ಮುಚ್ಚಳದಲ್ಲಿ ಗಾಳಿಯಾಡಲು ಬಿಟ್ಟಿರುವ ಸೂಜಿಮೊನೆಯಷ್ಟು ರಂಧ್ರ ಕಟ್ಟಿಕೊಂಡರೆ ಒಳಗೆ ನಿರ್ವಾತವುಂಟಾಗಿ ಪೆಟ್ರೋಲು ಇಳಿಯದು. ಪಾಯಿಂಟಿನ ಕಂಡೆನ್ಸರು ಸೋತಿದ್ದರೆ ಕಾವೇರಿದೊಡನೆ ಕಿಡಿ ಸಾಯುವುದು. ಪಿಸ್ಟನ್ನು ಉಷ್ಣದಿಂದ ಹಿಗ್ಗಿದರೆ ಎರಕದ ಕಬ್ಬಿಣದ ಸಿಲಿಂಡರನ್ನು ಕಚ್ಚುವುದು. ಈ ಮೂರಕ್ಕೂ ಮುಖ ಒಂದೇ, ಉಪಶಮನವೂ ಒಂದೇ: ಹತ್ತು ನಿಮಿಷದ ವಿಶ್ರಾಂತಿ. ತಾನೇ ವಾಸಿಯಾಗುವ ಕಾಯಿಲೆಗೆ ಯಾರು ಯಾವ ಮದ್ದು ಕೊಟ್ಟರೂ ಕೆಲವು ದಿನದ ಮಟ್ಟಿಗೆ ಗುಣ ಕಾಣುವುದರಿಂದ, ಕಿವಿಯ ವೈದ್ಯಕ್ಕೆ ಇಷ್ಟು ಸುಲಭವಾಗಿ ಪ್ರತಿಷ್ಠೆ ದೊರೆತಿದೆ.

ಇದಕ್ಕೆ ಪ್ರತಿಯಾಗಿ ನಮ್ಮಲ್ಲಿ ಅನಾದರಕ್ಕೆ ಗುರಿಯಾದ ಒಂದು ವಿಧಾನವುಂಟು. ಶಕ್ತಿ ಕುಂದಿದ ಆ ಕ್ಷಣದಲ್ಲಿಯೇ ಕ್ಲಚ್ಚನ್ನು ಹಿಡಿದು, ಎಂಜಿನ್ನು ಒಂದು ಉಸಿರು ಕೂಡ ಐಡ್ಲಿಂಗಿನಲ್ಲಿ ಓಡದಂತೆ ಕೀಲಿಯನ್ನು ತಿರುಗಿಸಿ, ರಸ್ತೆಯ ಬದಿಯಲ್ಲಿಯೇ ಪ್ಲಗ್ಗನ್ನು ಬಿಚ್ಚಿ ನೋಡುವುದು. ಪ್ಲಗ್ಗು ಪೆಟ್ರೋಲಿನಿಂದ ಒದ್ದೆಯಾಗಿದ್ದರೆ ಇಂಧನ ಬಂದಿದೆ, ಕಿಡಿ ಸತ್ತಿದೆ. ಒಣಗಿ ಬಿಳಿಚಿದ್ದರೆ ಇಂಧನವೇ ಬಂದಿಲ್ಲ. ಬಿಳಿಚಿದ್ದಲ್ಲಿ ಕಾರ್ಬುರೇಟರಿನ ಬಳಿ ಪೈಪನ್ನು ಕಳಚಿ, ಕಾಕನ್ನು ತೆರೆದು ಕಾಯಬೇಕು. ಮುಚ್ಚಳ ಬಿಗಿದಿರುವಾಗ ಧಾರೆ ಹನಿಯಾಗಿ, ಹನಿಯೂ ನಿಂತು, ಮುಚ್ಚಳವನ್ನು ತಿರುವಿದ ಕೂಡಲೇ 'ಸುಯ್' ಎಂದು ಗಾಳಿಯೆಳೆದುಕೊಂಡು ಧಾರೆ ಮತ್ತೆ ಹರಿದರೆ ತೀರ್ಪು ಬಂದಂತೆ. ಎರಡನೆಯ ಸಲ ನನ್ನ ಗಾಡಿ ನಿಂತಾಗ ನಾನು ಕಂಡದ್ದು ಇದನ್ನೇ. ಪಿಸ್ಟನ್ನಿನ ಮೇಲೆಯೇ ಸಂದೇಹವಿದ್ದರೂ ಹೆಡ್ಡನ್ನು ಬಿಚ್ಚಬೇಕಾಗಿಲ್ಲ. ಜೋಡಿ ಸೈಲೆನ್ಸರುಗಳ ಪೈಪೊಂದನ್ನು ಕಳಚಿದರೆ ದ್ವಾರದಲ್ಲಿ ಪಿಸ್ಟನ್ನಿನ ಪಕ್ಕ ಕಣ್ಣಿಗೆ ಕಾಣುತ್ತದೆ.

ಹಾಗಾದರೆ ಆ ಗೀರುಗಳು? ಉಸ್ತಾದರು ಕಂಡದ್ದು ಸುಳ್ಳಲ್ಲ, ಕಾರಣವೆಂದು ತಿಳಿದದ್ದು ಕಾರ್ಯವನ್ನು. ಈ ಎಂಜಿನ್ನಿಗೆ ಎಣ್ಣೆಯು ಪೆಟ್ರೋಲಿನಲ್ಲಿ ಬೆರೆತೇ ಬರಬೇಕು. ಆದಕಾರಣ ಪೆಟ್ರೋಲು ನಿಂತಲ್ಲಿ ಸ್ನೇಹದ್ರವ್ಯವೂ ನಿಲ್ಲುತ್ತದೆ, ಮಿಶ್ರಣ ತೆಳುವಾಗಿ ಉಷ್ಣ ಏರುತ್ತದೆ, ಒಣಗಿದ ಪಿಸ್ಟನ್ನು ಸಿಲಿಂಡರನ್ನು ಉಜ್ಜುತ್ತದೆ. ಮುಚ್ಚಳದ ರಂಧ್ರವನ್ನು ಹಾಗೆಯೇ ಬಿಟ್ಟು ಬೋರ್ ಮಾಡಿಸಿದರೆ ಮುಂದಿನ ಗೀರಿಗೆ ಹೊಸ ಲೋಹವನ್ನು ಒದಗಿಸಿದಂತಾಯಿತು.

ಈಚೆಗೆ ಇನ್ನೊಂದು ಪಂಥದವರು ಪಾಯಿಂಟು, ಕಂಡೆನ್ಸರುಗಳನ್ನು ಕಿತ್ತೆಸೆದು ಎಲೆಕ್ಟ್ರಾನಿಕ್ ಇಗ್ನಿಷನ್ನು ಹಾಕಿಸಿದರೆ ಸಕಲ ವ್ಯಾಧಿಗಳೂ ತೀರುವುವೆಂದು ಬರೆಯುತ್ತಿದ್ದಾರೆ. ಮೂರು ವ್ಯಾಧಿಗಳಲ್ಲಿ ಒಂದಕ್ಕೆ ಅದು ಉತ್ತಮ ಚಿಕಿತ್ಸೆಯೆಂಬುದನ್ನು ಒಪ್ಪುತ್ತೇನೆ. ಪೆಟ್ರೋಲೇ ಬಾರದ ಸಿಲಿಂಡರಿನಲ್ಲಿ ಎಂತಹ ಕಿಡಿಯಾದರೂ ಏನನ್ನು ಉರಿಸೀತು ಎಂಬ ಪ್ರಶ್ನೆಗೆ ಅವರ ಬರಹಗಳಲ್ಲಿ ಉತ್ತರವಿಲ್ಲ. ಇವರನ್ನು ಖಂಡಿಸುವ ಸಂಪ್ರದಾಯವಾದಿಗಳಾದರೋ, ಕಾರ್ಖಾನೆಯಿಂದ ಬಂದಂತೆಯೇ ಗಾಡಿಯಿರಬೇಕೆಂದು ವಾದಿಸುತ್ತ, 0.4 ಮಿಲಿಮೀಟರಿನ ಪಾಯಿಂಟ್ ಗ್ಯಾಪನ್ನು ಫೀಲರ್ ಗೇಜಿನಿಂದ ಅಳೆಯದೆ ಬೆರಳಂದಾಜಿನಲ್ಲಿ ಇಡುವವರನ್ನೇ ಪರಂಪರೆಯ ರಕ್ಷಕರೆಂದು ಹೊಗಳುತ್ತಾರೆ. ಕಾರ್ಖಾನೆ ನಿಗದಿಪಡಿಸಿದ ಅಳತೆಯನ್ನು ಬಿಟ್ಟ ಮೇಲೆ ಉಳಿಯುವುದು ಬಣ್ಣ, ಕ್ರೋಮು ಮಾತ್ರ. ಬೇರಿಂಗಿನ ಮೊರೆತವನ್ನೂ ಪ್ರೈಮರಿ ಚೈನಿನ ಸಡಿಲನ್ನೂ ಕಿವಿ ಹಿಡಿಯಬಲ್ಲದು, ಅಷ್ಟು ಮರ್ಯಾದೆ ಅದಕ್ಕೆ ಸಲ್ಲಲಿ. ಪೆಟ್ರೋಲಿಲ್ಲದೆ ಸಾಯುವ ಎಂಜಿನ್ನಿಗೂ ಕಿಡಿಯಿಲ್ಲದೆ ಸಾಯುವ ಎಂಜಿನ್ನಿಗೂ ಇರುವ ಭೇದವನ್ನು ಬೀದಿಯ ಆಚೆಬದಿಯಿಂದ ಹೇಳುವೆನೆನ್ನುವವರ ಮಾತನ್ನು ನಾನು ನಂಬಲಾರೆ.

ನನ್ನ ಗಾಡಿಯ ಮುಚ್ಚಳದ ರಂಧ್ರದಲ್ಲಿ ಇದ್ದದ್ದು ಪಾಲಿಶಿನ ಬಿಳಿಯ ಹೆಪ್ಪು. ಹೊಲಿಗೆಯ ಸೂಜಿಯಿಂದ ಅದನ್ನು ಬಿಡಿಸಿದ ದಿನವೇ ಗಾಡಿ ಎಲ್ಲಿಯೂ ನಿಲ್ಲದೆ ಬೆಟ್ಟದ ಮೇಲಿನ ಮಹಿಷಾಸುರನ ಪ್ರತಿಮೆಯವರೆಗೆ ಏರಿತು.