ಸಿಡಿಮದ್ದಿನ ಚರಿತ್ರೆಯ ಅಳತೆಗೋಲು: ಯಲಬುರ್ಗಾ ಸೀಮೆಯಿಂದ ಒಂದು ವಿಮರ್ಶೆ

ಹತ್ತೊಂಬತ್ತನೆಯ ಶತಮಾನದ ಕೈಗಾರಿಕಾ ಸಿಡಿಮದ್ದುಗಳ ಚರಿತ್ರೆಯನ್ನು ಒಂದು ಏಣಿಯಂತೆ ಬೋಧಿಸುವ ವಾಡಿಕೆಯುಂಟು. ಕೆಳಗಿನ ಮೆಟ್ಟಿಲಲ್ಲಿ ಕರಿಮದ್ದು. ಅದರ ಮೇಲೆ ಆಮ್ಲದಲ್ಲಿ ಸಂಸ್ಕರಿಸಿದ ಹತ್ತಿಮದ್ದು. ಅನಂತರ ನೈಟ್ರೊಗ್ಲಿಸರಿನ್, ಡೈನಮೈಟ್. ತುದಿಯಲ್ಲಿ ಸ್ಫೋಟಕ ಜಿಲೆಟಿನ್. ಒಂದೊಂದೂ ತನ್ನ ಹಿಂದಿನದಕ್ಕಿಂತ ಬಲವುಳ್ಳದ್ದು. ಆದುದರಿಂದಲೇ ಮುಂದಿನದು ಬಂದೊಡನೆ ಹಿಂದಿನದು ಬದಿಗೆ ಸರಿಯಿತು ಎಂಬುದು ಈ ನಿರೂಪಣೆಯ ಸಾರ. ಚಿತ್ರ ಸರಳವಾಗಿದೆ, ನೆನಪಿಡಲು ಸುಲಭವಾಗಿದೆ. ಆದರೆ ಬಲವೊಂದನ್ನೇ ಅಳತೆಗೋಲಾಗಿ ಹಿಡಿದರೆ ಈ ಚರಿತ್ರೆಯ ಮುಖ್ಯ ಸಂಗತಿಗಳೇ ಅಳತೆಗೆ ಸಿಕ್ಕದೆ ಹೋಗುತ್ತವೆ. ಇದನ್ನು ತೋರಿಸುವುದು ಪ್ರಸ್ತುತ ಲೇಖನದ ಉದ್ದೇಶ. ಇದಕ್ಕೆ ನಾವು ಆಯ್ದುಕೊಂಡಿರುವ ನೆಲೆ ಯಲಬುರ್ಗಾ ಮತ್ತು ಅದರ ನೆರೆಯ ಕಲ್ಲುನಾಡು.

ಈ ಸೀಮೆಯಲ್ಲಿ ಕಲ್ಲಿನ ಕೆಲಸ ಸಿಡಿಮದ್ದಿನೊಂದಿಗೆ ಆರಂಭವಾದುದಲ್ಲ. ಹಿಂದೆ ಯಲಬುರ್ಗಾ ತಾಲ್ಲೂಕಿಗೂ ಈಗ ಕುಕನೂರು ತಾಲ್ಲೂಕಿಗೂ ಸೇರಿರುವ ಇಟಗಿಯ ಮಹಾದೇವ ದೇವಾಲಯ 1112ರಲ್ಲಿ, ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವನಿಂದ ನಿರ್ಮಿತವಾಯಿತು. ಅದರ ಕಲ್ಲು ಮೃದುವಾದ ಬಳಪದ ಕಲ್ಲು. ಉಳಿ ಸುತ್ತಿಗೆಗಳಿಗೆ ಒಲಿಯುವಂಥದು. ಗಡಸಾದ ಗ್ರಾನೈಟಿಗಾದರೋ ಬೆಣೆಯ ಉಪಾಯವಿತ್ತು. ಆನೆಗೊಂದಿ, ಹಂಪೆಗಳ ಬಂಡೆಗಳ ಮೇಲೆ ಸಾಲಾಗಿ ಕೊರೆದ ಬೆಣೆಗುಳಿಗಳನ್ನು ಇಂದಿಗೂ ನೋಡಬಹುದು. ಉತ್ತರಕ್ಕೆ, ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ, ನಮ್ಮ ಪೂರ್ವಿಕರು ಚಿನ್ನದ ಅದುರನ್ನರಸಿ ನೆಲದೊಳಗೆ ನೂರಾರು ಅಡಿ ಇಳಿದಿದ್ದರು. ಬಂಡೆಯ ಮುಖಕ್ಕೆ ಸೌದೆಯೊಟ್ಟಿ ಬೆಂಕಿಯಿಟ್ಟು, ಕಾದು ಬಿರಿದ ಕಲ್ಲನ್ನು ಒಡೆದು ತೆಗೆಯುವ ವಿಧಾನ ಅವರದು. ಪುರಾತತ್ತ್ವಜ್ಞ ರೇಮಂಡ್ ಆಲ್ಚಿನ್ ಪ್ರಾಚೀನ ಭಾರತದ ಚಿನ್ನದ ಗಣಿಗಾರಿಕೆಯನ್ನು ಕುರಿತು 1962ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಈ ವಿಷಯವನ್ನು ಚರ್ಚಿಸಿದ್ದಾರೆ. ಅಲ್ಲಿನ ಹಳೆಯ ಗಣಿಯ ಮರದ ತುಂಡುಗಳ ವಯಸ್ಸು ಸುಮಾರು ಎರಡು ಸಾವಿರ ವರ್ಷ.

ಇದರಿಂದ ಒಂದು ಮಾತು ಸ್ಪಷ್ಟವಾಗುತ್ತದೆ. ಹತ್ತೊಂಬತ್ತನೆಯ ಶತಮಾನದ ಸಿಡಿಮದ್ದು ಹಿಂದೆ ಅಸಾಧ್ಯವಾಗಿದ್ದುದನ್ನು ಸಾಧ್ಯಗೊಳಿಸಿತು ಎನ್ನುವುದು ಪೂರ್ಣ ಸತ್ಯವಲ್ಲ. ಅದು ಬದಲಿಸಿದ್ದು ಕಾಲವನ್ನು. ವರ್ಷಗಳ ಕೆಲಸವನ್ನು ತಿಂಗಳುಗಳಿಗೆ ಇಳಿಸಿತು. ಆ ಅವಸರದ ಬೆಲೆಯನ್ನು ಕೆಲಸಗಾರನ ಮೈಮೇಲೆ ಹೇರಿತು. ಆದಕಾರಣ ಯಾವ ಸಿಡಿಮದ್ದನ್ನು ಕುರಿತೂ ಚರಿತ್ರಕಾರನು ಕೇಳಬೇಕಾದ ಪ್ರಶ್ನೆಗಳು ಮೂರು: ಅದನ್ನು ತುಂಬುವ ಕುಳಿಯನ್ನು ಕೊರೆದವರಾರು? ಅದು ಸಿಡಿಯುವ ಗಳಿಗೆಯನ್ನು ನಿಯಂತ್ರಿಸಿದ್ದು ಯಾವುದು? ಅದು ತಪ್ಪಿ ಸಿಡಿದಾಗ ಎದುರಿಗೆ ನಿಂತಿದ್ದವರಾರು?

ಕರಿಮದ್ದಿನಿಂದಲೇ ಆರಂಭಿಸೋಣ. ಪೆಟ್ಲುಪ್ಪು, ಇದ್ದಿಲು, ಗಂಧಕಗಳ ಈ ಮಿಶ್ರಣ ಯುದ್ಧದಿಂದ ಗಣಿಗೆ ಬಂದದ್ದು 1627ರಲ್ಲಿ, ಅಂದಿನ ಹಂಗೇರಿಯ ಶೆಮ್ನಿಟ್ಸ್ ಗಣಿಯಲ್ಲಿ, ಎಂದು ದಾಖಲೆಗಳಿವೆ. ಅಲ್ಲಿಂದ ಮುಂದೆ ಎರಡು ಶತಮಾನಗಳ ಕಾಲ ಅದರ ಬಲದಲ್ಲಿ ಹೇಳಿಕೊಳ್ಳುವಂಥ ಬದಲಾವಣೆಯೇನೂ ಆಗಲಿಲ್ಲ. ಬದಲಾದದ್ದು ಬತ್ತಿ. 1831ರಲ್ಲಿ ಕಾರ್ನ್‌ವಾಲಿನ ವಿಲಿಯಂ ಬಿಕ್‌ಫರ್ಡ್ ಮದ್ದಿನ ಪುಡಿಯನ್ನು ನೂಲಿನ ಹೊದಿಕೆಯೊಳಗೆ ಹೆಣೆದು, ಒಂದೇ ವೇಗದಲ್ಲಿ ಉರಿಯುವ ಸುರಕ್ಷಾ ಬತ್ತಿಯನ್ನು ತಯಾರಿಸಿದನು. ಅದುವರೆಗೆ ಹುಲ್ಲಿನ ಕಡ್ಡಿಯಲ್ಲೋ ಗರಿಯ ಕೊಳವೆಯಲ್ಲೋ ಮದ್ದು ತುಂಬಿ ಹೊತ್ತಿಸುತ್ತಿದ್ದವನಿಗೆ ಓಡಿ ಮರೆಯಾಗಲು ಎಷ್ಟು ಸಮಯವಿದೆಯೆಂಬುದೇ ತಿಳಿಯುತ್ತಿರಲಿಲ್ಲ. ಬತ್ತಿಯ ಉದ್ದವನ್ನು ಅಳೆದು ಆ ಸಮಯವನ್ನು ಮುಂಚಿತವಾಗಿ ನಿಶ್ಚಯಿಸುವ ಅನುಕೂಲ ಈಗ ದೊರೆಯಿತು. ಬಲವನ್ನಳೆಯುವ ಕೋಲಿನಲ್ಲಿ ಈ ಸುಧಾರಣೆಯ ಬೆಲೆ ಸೊನ್ನೆ. ಮನುಷ್ಯನ ಜೀವವನ್ನಳೆಯುವ ಕೋಲಿನಲ್ಲಿ ಇದಕ್ಕೆ ಸಮನಾದ ಸುಧಾರಣೆಗಳು ವಿರಳ.

ಈ ಕರಿಮದ್ದಿನಿಂದಲೇ ಮುಂಬಯಿ ಪುಣೆಗಳ ನಡುವಿನ ಭೋರ್ ಘಟ್ಟದ ರೈಲುಮಾರ್ಗ 1856ರಿಂದ 1863ರವರೆಗೆ ನಿರ್ಮಾಣವಾಯಿತು. ಇಪ್ಪತ್ತೈದು ಸುರಂಗಗಳ ಆ ಕಾಮಗಾರಿಯಲ್ಲಿ ಒಂದು ಹಂತದಲ್ಲಿ ನಾಲ್ವತ್ತು ಸಾವಿರಕ್ಕೂ ಮೇಲ್ಪಟ್ಟ ಜನ ದುಡಿಯುತ್ತಿದ್ದರು. ಆಲ್ಪ್ಸ್ ಪರ್ವತದ ಮೊದಲ ದೊಡ್ಡ ಸುರಂಗವಾದ ಮೋಂ ಸೆನಿ ಕೂಡ 1857ರಿಂದ 1871ರವರೆಗೆ ಕರಿಮದ್ದಿನಿಂದಲೇ ಕೊರೆಯಲ್ಪಟ್ಟಿತು. ಅಲ್ಲಿ ಕೆಲಸದ ವೇಗ ಹೆಚ್ಚಿದ್ದು ಹೊಸ ಸಿಡಿಮದ್ದಿನಿಂದಲ್ಲ. ಸೊಮ್ಮೆಯೆ ಎಂಬ ಎಂಜಿನಿಯರನು ಬಳಕೆಗೆ ತಂದ, ಒತ್ತಿದ ಗಾಳಿಯಿಂದ ನಡೆಯುವ ಕೊರೆಯುವ ಯಂತ್ರದಿಂದ. ಕುಳಿಯಿಲ್ಲದೆ ಮದ್ದಿಲ್ಲ. ಸಲಾಕೆಯನ್ನೊಬ್ಬನು ಹಿಡಿದು ತಿರುಗಿಸುತ್ತಿರಲು ಇನ್ನಿಬ್ಬರು ಸುತ್ತಿಗೆಯಿಂದ ಬಡಿದು ಕೊರೆಯುವಲ್ಲಿ, ಸಿಡಿಮದ್ದು ಎಷ್ಟೇ ಪ್ರಬಲವಾದರೂ ದಿನದ ಬಹುಪಾಲು ಆ ಮೂವರ ತೋಳಬಲದಲ್ಲಿಯೇ ಕಳೆಯುತ್ತದೆ.

ಇನ್ನು ನೈಟ್ರೊಗ್ಲಿಸರಿನ್. ಇದನ್ನು ಟ್ಯೂರಿನ್ನಿನ ರಸಾಯನಜ್ಞ ಅಸ್ಕಾನಿಯೊ ಸೊಬ್ರೆರೊ 1847ರಲ್ಲಿ ಪ್ರಕಟಪಡಿಸಿದನು. ಅದರ ಬಲ ಅಂದೇ ಜಗತ್ತಿಗೆ ತಿಳಿದಿತ್ತು. ಬಲವೇ ನಿರ್ಣಾಯಕವಾಗಿದ್ದಲ್ಲಿ ಅದು ಅಂದೇ ಗಣಿಗಿಳಿಯಬೇಕಾಗಿತ್ತು. ಆದರೆ ಹದಿನೈದು ವರ್ಷಗಳಿಗೂ ಹೆಚ್ಚು ಕಾಲ ಅದು ಪ್ರಯೋಗಾಲಯದ ಕುತೂಹಲವಾಗಿಯೇ ಉಳಿಯಿತು; ಬೇಕೆಂದಾಗ ಖಚಿತವಾಗಿ ಸಿಡಿಸುವ ಉಪಾಯ ಯಾರಿಗೂ ತಿಳಿದಿರಲಿಲ್ಲ. ಆಲ್ಫ್ರೆಡ್ ನೊಬೆಲನ ನಿಜವಾದ ದೊಡ್ಡ ಶೋಧ ಇರುವುದು ಇಲ್ಲಿ. 1863ರಲ್ಲಿ ಆರಂಭಿಸಿ 1865ರ ಹೊತ್ತಿಗೆ ಪಾದರಸದ ಫಲ್ಮಿನೇಟ್ ತುಂಬಿದ ಲೋಹದ ಡಿಟೊನೇಟರನ್ನು ಆತನು ಸಿದ್ಧಪಡಿಸಿದನು. ಸಣ್ಣದೊಂದು ಸ್ಫೋಟದ ಆಘಾತದಿಂದ ದೊಡ್ಡ ಸ್ಫೋಟವನ್ನು ಎಬ್ಬಿಸುವ ಈ ತತ್ತ್ವವಿಲ್ಲದೆ ಮುಂದಿನ ಯಾವ ಸಿಡಿಮದ್ದೂ ಕೆಲಸಕ್ಕೆ ಬರುತ್ತಿರಲಿಲ್ಲ.

ಡೈನಮೈಟಿನ ವಿಷಯದಲ್ಲಿ ಏಣಿಯ ಚಿತ್ರ ಸಂಪೂರ್ಣವಾಗಿ ಕುಸಿಯುತ್ತದೆ. 1864ರ ಸೆಪ್ಟೆಂಬರಿನಲ್ಲಿ ಸ್ಟಾಕ್‌ಹೋಮಿನ ಹೆಲೆನೆಬೋರ್ಗಿನಲ್ಲಿ ನೊಬೆಲನ ಕಾರ್ಯಾಗಾರ ಸಿಡಿದು ಅವನ ತಮ್ಮ ಎಮಿಲ್ ಮೊದಲಾದವರು ಸತ್ತರು. 1866ರ ಏಪ್ರಿಲ್ ಒಂದರಲ್ಲಿಯೇ ಪನಾಮದ ಆಸ್ಪಿನ್‌ವಾಲ್ ಬಂದರಿನಲ್ಲಿಯೂ ಸ್ಯಾನ್ ಫ್ರಾನ್ಸಿಸ್ಕೊ ನಗರದಲ್ಲಿಯೂ ಸಾಗಣೆಯಲ್ಲಿದ್ದ ನೈಟ್ರೊಗ್ಲಿಸರಿನ್ ಸಿಡಿದು ಅನೇಕರನ್ನು ಬಲಿತೆಗೆದುಕೊಂಡಿತು. ಇದಕ್ಕೆ ನೊಬೆಲನು ಕಂಡುಕೊಂಡ ಪರಿಹಾರವೇನು? ಆ ದ್ರವವನ್ನು ಕೀಸೆಲ್‌ಗೂರ್ ಎಂಬ ಜಡವಾದ ಹಗುರ ಮಣ್ಣಿಗೆ ಹೀರಿಸಿದನು. ನೂರರಲ್ಲಿ ಎಪ್ಪತ್ತೈದು ಪಾಲು ನೈಟ್ರೊಗ್ಲಿಸರಿನ್, ಇಪ್ಪತ್ತೈದು ಪಾಲು ಮಣ್ಣು. 1867ರಲ್ಲಿ ಹಕ್ಕುಪತ್ರ ಪಡೆದ ಡೈನಮೈಟ್ ಇದೇ. ತೂಕಕ್ಕೆ ತೂಕ ಹಿಡಿದರೆ ಡೈನಮೈಟ್ ತನ್ನ ಹಿಂದಿನದಕ್ಕಿಂತ ದುರ್ಬಲ. ಬಲವನ್ನು ತಗ್ಗಿಸಿ ವಿಧೇಯತೆಯನ್ನು ಪಡೆದುದೇ ಅದರ ಹಿರಿಮೆ. ಸ್ವತಃ ಹೆಸರುವಾಸಿಯಾದ ಮೆಟ್ಟಿಲೇ ಕೆಳಕ್ಕಿಳಿದಿರುವಾಗ ಏಣಿ ಎಲ್ಲಿ ಉಳಿಯಿತು?

ಎದುರುಪಕ್ಷದ ಮಾತಿಗೂ ನ್ಯಾಯ ಸಲ್ಲಿಸಬೇಕು. ನೊಬೆಲನು 1875ರಲ್ಲಿ ಕಂಡುಹಿಡಿದ ಸ್ಫೋಟಕ ಜಿಲೆಟಿನ್‌ನಲ್ಲಿ ಜಡವಾದ ಮಣ್ಣಿನ ಬದಲು ಶೇಕಡ ಎಂಟರಷ್ಟು ಕೊಲೋಡಿಯನ್ ಹತ್ತಿಯಿತ್ತು. ಅದೂ ಸಿಡಿಯುವ ವಸ್ತುವೇ. ಹೀಗೆ ಬಲ ಮತ್ತೆ ಏರಿತು, ನೀರಿನ ಭಯವೂ ತಪ್ಪಿತು. ಸೇಂಟ್ ಗೊಟಾರ್ಡ್ ಸುರಂಗದ (1872–1882) ಕಠಿಣ ಶಿಲೆಯನ್ನು ಭೇದಿಸುವಲ್ಲಿ ಡೈನಮೈಟ್ ವರ್ಗದ ಮದ್ದುಗಳ ಪಾತ್ರವನ್ನು ಯಾರೂ ಅಲ್ಲಗಳೆಯಲಾರರು. ನಮ್ಮ ನಾಡಿನಲ್ಲಿಯೂ, 1880ರ ದಶಕದಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆಯ ಆಡಳಿತದಲ್ಲಿ ಬೆಳೆದ ಕೋಲಾರದ ಚಿನ್ನದ ಗಣಿಗಳು, 2001ರಲ್ಲಿ ಮುಚ್ಚುವ ವೇಳೆಗೆ ಮೂರು ಕಿಲೋಮೀಟರಿಗೂ ಮಿಕ್ಕಿ ಆಳಕ್ಕಿಳಿದಿದ್ದವು. ಪ್ರಬಲ ಸಿಡಿಮದ್ದಿಲ್ಲದೆ ಅದನ್ನು ಊಹಿಸುವುದು ಕಷ್ಟ. ಆದರೆ ಗಮನಿಸಬೇಕಾದ ಅಂಶವೊಂದುಂಟು. ಚಿನ್ನದ ಅದುರು ಹೇಗೂ ಪುಡಿಯಾಗಬೇಕಾದುದು. ಅಲ್ಲಿ ಬಂಡೆ ಛಿದ್ರವಾದಷ್ಟೂ ಲಾಭ.

ಕಟ್ಟಡದ ಕಲ್ಲಿನ ಪಾಡು ಬೇರೆ. ಕಂಬಕ್ಕೆ, ತೊಲೆಗೆ, ಹಾಸುಗಲ್ಲಿಗೆ ಬೇಕಾದ ಗ್ರಾನೈಟ್ ಇಡಿಯಾಗಿ, ಒಳಬಿರುಕಿಲ್ಲದೆ ಬರಬೇಕು. ಡೈನಮೈಟಿನ ಆಘಾತ ಶಿಲೆಯನ್ನು ಚೂರುಮಾಡುತ್ತದೆ. ಕರಿಮದ್ದು ನಿಧಾನವಾಗಿ ಉರಿದು, ತನ್ನ ಅನಿಲದಿಂದ ಅದನ್ನು ತಳ್ಳಿ ಸೀಳುತ್ತದೆ. ಕುಷ್ಟಗಿ, ಇಳಕಲ್ಲುಗಳ ಕೆಂಪು ಗ್ರಾನೈಟಿನಂಥ ಕಲ್ಲಿಗೆ ಎರಡನೆಯ ಗುಣವೇ ಹಿತ. ಬೆಣೆ ಅದಕ್ಕಿಂತಲೂ ಹಿತ. ಹೀಗಾಗಿ ಡೈನಮೈಟ್ ಬಂದಮೇಲೂ ಕರಿಮದ್ದು ಕಲ್ಲುಗಣಿಗಳಲ್ಲಿ ಉಳಿದುದು ಹಿಂದುಳಿದಿರುವಿಕೆಯ ಗುರುತಲ್ಲ, ವಿವೇಕದ ಗುರುತು. ಆ ಶತಮಾನದಲ್ಲಿಯೇ ಕರಿಮದ್ದು ತನ್ನನ್ನು ನವೀಕರಿಸಿಕೊಂಡದ್ದೂ ಉಂಟು. ಭಾರತದ ಪೆಟ್ಲುಪ್ಪು ದುಬಾರಿಯೆನಿಸಿದಾಗ, 1857ರಲ್ಲಿ ಅಮೆರಿಕದ ಲ್ಯಾಮೊ ಡ್ಯುಪಾಂಟ್ ಅಗ್ಗವಾದ ಸೋಡಿಯಂ ನೈಟ್ರೇಟಿನಿಂದ ಗಣಿಮದ್ದು ತಯಾರಿಸುವ ಹಕ್ಕುಪತ್ರ ಪಡೆದನು.

ಈ ವಿಷಯವನ್ನು ಕುರಿತ ಗ್ರಂಥಗಳನ್ನು ಈ ಬೆಳಕಿನಲ್ಲಿ ಪರಿಶೀಲಿಸುವುದು ಉಚಿತ. ಹೆನ್ರಿ ಡ್ರಿಂಕರನು 1878ರಲ್ಲಿ ಪ್ರಕಟಿಸಿದ ಬೃಹದ್ಗ್ರಂಥ ಸುರಂಗ, ಸ್ಫೋಟಕ, ಕೊರೆಯುವ ಯಂತ್ರ ಈ ಮೂರನ್ನೂ ಒಂದೇ ಹೊದಿಕೆಯೊಳಗೆ ಇರಿಸಿತು. ಕುಳಿ ಮತ್ತು ಮದ್ದುಗಳ ಸಂಬಂಧವನ್ನು ಆ ಎಂಜಿನಿಯರ್ ಚೆನ್ನಾಗಿ ಅರಿತಿದ್ದನು. 1927ರಲ್ಲಿ ವ್ಯಾನ್ ಗೆಲ್ಡರ್ ಮತ್ತು ಶ್ಲಾಟರ್ ಬರೆದ ಅಮೆರಿಕದ ಸ್ಫೋಟಕೋದ್ಯಮದ ಚರಿತ್ರೆ ಮಾಹಿತಿಯ ಗಣಿಯೇ ಸರಿ. ಆದರೆ ಅದರ ಬಹುಭಾಗವನ್ನು ಕಂಪನಿಗಳ ಹುಟ್ಟು, ಬೆಳವಣಿಗೆ, ವಿಲೀನಗಳು ಆಕ್ರಮಿಸಿಕೊಂಡಿವೆ. ನಮ್ಮ ದೃಷ್ಟಿಗೆ ಹೆಚ್ಚು ಹತ್ತಿರವಾದುದು ಇಯಾನ್ ಕೆರ್ ಅವರು ಭಾರತದ ರೈಲುಮಾರ್ಗಗಳ ನಿರ್ಮಾಣವನ್ನು ಕುರಿತು 1995ರಲ್ಲಿ ಬರೆದ ಗ್ರಂಥ. ಅದು ಸ್ಫೋಟಕಗಳ ಚರಿತ್ರೆಯಲ್ಲವಾದರೂ, ಒಡ್ಡರೇ ಮೊದಲಾದ ಕಲ್ಲುಮಣ್ಣಿನ ಕೆಲಸಗಾರರನ್ನು ಚರಿತ್ರೆಯ ಪಾತ್ರಗಳನ್ನಾಗಿ ಕಾಣುತ್ತದೆ. ಡ್ರಿಂಕರನ ಯಂತ್ರಜ್ಞಾನವೂ ಕೆರ್ ಅವರ ಮಾನವದೃಷ್ಟಿಯೂ ಕೂಡಿದಲ್ಲಿ ಮಾತ್ರ ಸಿಡಿಮದ್ದಿನ ಚರಿತ್ರೆ ಪೂರ್ಣವಾದೀತು.

ಪಾಶ್ಚಾತ್ಯ ಚರಿತ್ರೆಗಳ ಇನ್ನೊಂದು ಮಿತಿ ಹವಾಮಾನಕ್ಕೆ ಸಂಬಂಧಿಸಿದ್ದು. ನೈಟ್ರೊಗ್ಲಿಸರಿನ್ ಸುಮಾರು 13 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಹೆಪ್ಪುಗಟ್ಟುತ್ತದೆ. ಹೆಪ್ಪುಗಟ್ಟಿದ ಡೈನಮೈಟನ್ನು ಕರಗಿಸಲು ಹೋಗಿ ಯುರೋಪಿನ ಚಳಿಯಲ್ಲಿ ಸತ್ತವರು ಅನೇಕರು. ಅಲ್ಲಿನ ಗ್ರಂಥಗಳು ಈ ಅಪಾಯವನ್ನು ವಿಸ್ತಾರವಾಗಿ ವರ್ಣಿಸುತ್ತವೆ. ಬೇಸಗೆಯಲ್ಲಿ ನಾಲ್ವತ್ತು ಡಿಗ್ರಿ ಮುಟ್ಟುವ ಯಲಬುರ್ಗಾದಂಥ ಬಯಲುಸೀಮೆಯಲ್ಲಿ ಅಪಾಯದ ಮುಖವೇ ಬೇರೆ: ಮದ್ದು ಬೆವರಿ ಎಣ್ಣೆ ಹೊರಸೂಸುವುದು, ಕೆಡುವುದು, ಅದನ್ನಿಡಲು ತಂಪಾದ ಮದ್ದಿನ ಮನೆ ಬೇಕಾಗುವುದು. ಆ ಪಾಠಗಳನ್ನು ಇಲ್ಲಿಗೆ ಯಥಾವತ್ತಾಗಿ ತಂದು ಬೋಧಿಸಿದರೆ ವಿದ್ಯಾರ್ಥಿಗೆ ಬೇಡದ ಎಚ್ಚರಿಕೆ ದೊರೆತು ಬೇಕಾದ ಎಚ್ಚರಿಕೆ ತಪ್ಪುತ್ತದೆ.

ಕನ್ನಡದ ‘ಮದ್ದು’ ಎಂಬ ಪದ ಇಲ್ಲಿ ಸ್ವಾರಸ್ಯಕರ. ಔಷಧಕ್ಕೂ ಸಿಡಿಯುವ ಪುಡಿಗೂ ನಮ್ಮಲ್ಲಿ ಒಂದೇ ಮಾತು. ನೈಟ್ರೊಗ್ಲಿಸರಿನ್ ಈ ಎರಡರ್ಥಗಳನ್ನೂ ಅಕ್ಷರಶಃ ಸಾರ್ಥಕಪಡಿಸಿತು. 1879ರಿಂದ ಅದು ಎದೆನೋವಿಗೆ ಔಷಧವಾಯಿತು. ನೊಬೆಲನಿಗೇ ಕೊನೆಗಾಲದಲ್ಲಿ ವೈದ್ಯರು ಅದನ್ನು ಸೂಚಿಸಿದರು. ರಕ್ತನಾಳಗಳನ್ನು ಹಿಗ್ಗಿಸುವ ಆ ಗುಣವೇ, ಅದನ್ನು ಬರಿಗೈಯಲ್ಲಿ ಮುಟ್ಟುತ್ತಿದ್ದ ಕೆಲಸಗಾರರಿಗೆ ತೀವ್ರವಾದ ತಲೆನೋವನ್ನು ತಂದಿತು. ಒಬ್ಬನಿಗೆ ಅಳತೆಯಿಟ್ಟು ಕೊಟ್ಟದ್ದು ಇನ್ನೊಬ್ಬನಿಗೆ ಅಳತೆಯಿಲ್ಲದೆ ದಕ್ಕಿತು.

ಈ ಚರ್ಚೆ ಗತಕಾಲಕ್ಕೆ ಮಾತ್ರ ಸೇರಿದುದಲ್ಲ. ಬ್ರಿಟಿಷ್ ಭಾರತದಲ್ಲಿ ಸ್ಫೋಟಕಗಳ ತಯಾರಿಕೆ, ಸಂಗ್ರಹ, ಮಾರಾಟ, ಸಾಗಣೆಗಳನ್ನು ನಿಯಂತ್ರಿಸುವ ಶಾಸನ 1884ರಲ್ಲಿ ಅಂಗೀಕೃತವಾಯಿತು. ಆಗ ನಿಜಾಮರ ಸಂಸ್ಥಾನದಲ್ಲಿದ್ದ ಯಲಬುರ್ಗಾ ಆ ಶಾಸನದ ವ್ಯಾಪ್ತಿಗೆ ಹೊರಗಾಗಿತ್ತು. ಸ್ವಾತಂತ್ರ್ಯಾನಂತರ 1958ರಲ್ಲಿ ಗೋಮಿಯಾದಲ್ಲಿ ಕೈಗಾರಿಕಾ ಸ್ಫೋಟಕಗಳ ಕಾರ್ಖಾನೆ ಆರಂಭವಾಯಿತು. ನೈಟ್ರೊಗ್ಲಿಸರಿನ್ ಆಧಾರದ ಸ್ಫೋಟಕಗಳನ್ನು ಭಾರತ ಸರ್ಕಾರ 2004ರಲ್ಲಿ ನಿಷೇಧಿಸಿತು. ಆದರೂ ಜನರ ಬಾಯಲ್ಲಿ ‘ಜಿಲೆಟಿನ್ ಕಡ್ಡಿ’ ಎಂಬ ಹೆಸರು ಉಳಿದಿದೆ. ಅದರೊಂದಿಗೆ ಅಪಾಯವೂ ಉಳಿದಿದೆ. 2021ರ ಜನವರಿಯಲ್ಲಿ ಶಿವಮೊಗ್ಗದ ಬಳಿಯ ಹುಣಸೋಡಿನಲ್ಲಿಯೂ, ಮರುತಿಂಗಳು ಚಿಕ್ಕಬಳ್ಳಾಪುರ ಜಿಲ್ಲೆಯ ಹಿರೇನಾಗವಲ್ಲಿಯಲ್ಲಿಯೂ, ಬಂಡೆಯ ಕುಳಿಯೊಳಗೆ ಸಿಡಿಯಬೇಕಾಗಿದ್ದ ಮದ್ದು ಕುಳಿಯ ಹೊರಗೆ ಸಿಡಿದು ಜೀವಹಾನಿಯಾಯಿತು. 1866ರಲ್ಲಿ ಆಸ್ಪಿನ್‌ವಾಲಿನಲ್ಲಿ ನಡೆದದ್ದೂ ಇದೇ. ಮದ್ದಿನ ರಸಾಯನ ಬದಲಾಯಿತು; ಕುಳಿಯ ಹೊರಗಿನ ವ್ಯವಸ್ಥೆ ಅಷ್ಟಾಗಿ ಬದಲಾಗಲಿಲ್ಲ.

ಬಲವನ್ನೇ ಎಣಿಸುವ ಚರಿತ್ರೆ ಇಂಥ ಘಟನೆಗಳನ್ನು ಆಕಸ್ಮಿಕಗಳೆಂದು ಅಡಿಟಿಪ್ಪಣಿಗೆ ತಳ್ಳುತ್ತದೆ. ಬತ್ತಿಯನ್ನೂ ಡಿಟೊನೇಟರನ್ನೂ ಸಾಗಣೆಯನ್ನೂ ಸಲಾಕೆ ಹಿಡಿದ ಕೈಯನ್ನೂ ಎಣಿಸುವ ಚರಿತ್ರೆಗೆ ಅವು ಮುಖ್ಯ ಅಧ್ಯಾಯಗಳಾಗುತ್ತವೆ. ಇಂಥ ಚರಿತ್ರೆಯ ಸಾಮಗ್ರಿ ವಿದೇಶದ ಹಕ್ಕುಪತ್ರಗಳಲ್ಲಿ ಮಾತ್ರವಲ್ಲದೆ ನಮ್ಮ ಊರುಗಳ ಕಲ್ಲುಗಣಿಗಳಲ್ಲಿಯೂ, ಅಲ್ಲಿ ದುಡಿದವರ ಮಾತಿನಲ್ಲಿಯೂ, ಬಂಡೆಗಳ ಮೇಲೆ ಉಳಿದಿರುವ ಕುಳಿಗಳಲ್ಲಿಯೂ ಇದೆ. ಬೆಣೆಯ ಕುಳಿ ಯಾವುದು, ಮದ್ದಿನ ಕುಳಿ ಯಾವುದು ಎಂದು ಗುರುತಿಸಬಲ್ಲ ವಿದ್ಯಾರ್ಥಿಯೊಬ್ಬನು ಯಲಬುರ್ಗಾ ಸೀಮೆಯ ಬಂಡೆಗಳ ನಡುವೆ ಒಂದು ವಾರ ತಿರುಗಾಡಿ ಟಿಪ್ಪಣಿ ಮಾಡಿಕೊಂಡರೆ, ಈ ಶಾಸ್ತ್ರಕ್ಕೆ ಅದು ಸಣ್ಣ ಸೇವೆಯೇನೂ ಅಲ್ಲ.