ಯಶೋಧರನ ಮೌನ

ಜನ್ನಕವಿಯ ‘ಯಶೋಧರ ಚರಿತೆ’ಯು ಕ್ರಿ. ಶ. ೧೨೦೯ರ ಕಾವ್ಯ. ಹೊಯ್ಸಳ ವೀರಬಲ್ಲಾಳನಿಂದ ಕವಿಚಕ್ರವರ್ತಿಯೆಂದು ಮನ್ನಣೆ ಪಡೆದ ಈ ಕವಿ, ವಾದಿರಾಜನು ಸಂಸ್ಕೃತದಲ್ಲಿ ಹೇಳಿದ್ದ ಕಥೆಯನ್ನು ನಾಲ್ಕು ಅವತಾರಗಳಲ್ಲಿ, ಬಹುಮಟ್ಟಿಗೆ ಕಂದಪದ್ಯಗಳಲ್ಲಿಯೇ, ಕನ್ನಡಕ್ಕೆ ತಂದನು. ಹಿಟ್ಟಿನ ಕೋಳಿಯನ್ನು ಬಲಿಗೊಟ್ಟ ಸಂಕಲ್ಪಹಿಂಸೆಗಾಗಿ ತಾಯಿಯೂ ಮಗನೂ ಜನ್ಮಾಂತರಗಳಲ್ಲಿ ತೊಳಲಿದರೆಂಬುದು ಕಾವ್ಯದ ಪ್ರಕಟವಾದ ಉಪದೇಶ. ಆದರೆ ಆ ಕೋಳಿ ಬಲಿಪೀಠಕ್ಕೆ ಬರುವ ಮೊದಲೇ ಉಜ್ಜಯಿನಿಯ ಅರಮನೆಯ ಶಯ್ಯಾಗೃಹದಲ್ಲಿ ಅನರ್ಥದ ಬೀಜವು ಬಿದ್ದಾಗಿರುತ್ತದೆ. ಸಹೃದಯರು ನಿಂತು ನೋಡಬೇಕಾದ ಸ್ಥಳವದು.

ಕಥಾಭಾಗ ಸುಪರಿಚಿತ. ರಾಣಿ ಅಮೃತಮತಿಯು ಇರುಳಿನಲ್ಲಿ ಗಜಶಾಲೆಯ ಕಡೆಯಿಂದ ಬಂದ ಗಾನವನ್ನು ಕೇಳಿ ಮನಸೋಲುತ್ತಾಳೆ. ಹಾಡಿದವನು ಅಷ್ಟಾವಂಕನೆಂಬ ಕುರೂಪಿಯಾದ ಮಾವುತ. ನೋಡಿ ಬಂದ ದೂತಿಯು ಅವನ ವಿಕಾರವನ್ನು ಬಣ್ಣಿಸಿ ಹೇಳಿದರೂ ಆಕೆಯ ಮನಸ್ಸು ಹಿಂಜರಿಯುವುದಿಲ್ಲ. ತಡವಾಗಿ ಬಂದಳೆಂದು ಅವನು ಹೊಡೆದರೂ ಅವಳು ಅವನನ್ನೇ ಹಂಬಲಿಸುತ್ತಾಳೆ. ಇವಳನ್ನು ಜಾರೆಯೆಂದು ಹೆಸರಿಟ್ಟು ಮುಂದಕ್ಕೆ ಹೋಗುವುದು ಸುಲಭ. ಆದರೆ ಕವಿಯು ಯಶೋಧರನನ್ನು ರೂಪವಂತನನ್ನಾಗಿಯೂ ಪತ್ನಿಯಲ್ಲಿ ಅನುರಕ್ತನನ್ನಾಗಿಯೂ ಚಿತ್ರಿಸಿದ್ದಾನೆ. ಮೋಹಕ್ಕೆ ಇಂಥದೇ ಕಾರಣವೆಂದು ತೋರಿಸಲಾಗದಿದ್ದಾಗ ಅದರ ಬಲವು ಇನ್ನೂ ಭಯಂಕರವಾಗಿ ಕಾಣುತ್ತದೆ. ತನ್ನಲ್ಲಿ ದೋಷವಿದ್ದರೆ ಅರಸನು ತಿದ್ದಿಕೊಳ್ಳಬಹುದಾಗಿತ್ತು. ಆ ಸಮಾಧಾನವೂ ಅವನಿಗೆ ಇಲ್ಲ.

ಹಿಂಬಾಲಿಸಿ ಹೋದ ಅರಸನು ಎಲ್ಲವನ್ನೂ ಕಣ್ಣಾರೆ ಕಂಡು ಕತ್ತಿಯನ್ನು ಹಿರಿದನು; ಇಬ್ಬರನ್ನೂ ಕೊಲ್ಲಲು ಮನಸ್ಸು ಮಾಡಿ, ಅದು ತನಗೆ ತಕ್ಕುದಲ್ಲವೆಂದು ತಡೆದುಕೊಂಡು ಹಿಂದಿರುಗಿದನು. ಇದನ್ನು ಕ್ಷಮೆಯೆನ್ನುವವರುಂಟು. ಕ್ಷಮೆಯಾಗಿದ್ದರೆ ಚಿತ್ತಕ್ಕೆ ಶಾಂತಿಯೊದಗಬೇಕಾಗಿತ್ತು. ಇಲ್ಲಿಯಾದರೋ, ಅವಳು ಮರಳಿ ಬಂದು ಬಳಿಯಲ್ಲಿ ಮಲಗಿದಾಗ, ಹಿಂದೆ ಸುಖವಾಗಿದ್ದ ಸ್ಪರ್ಶವೇ ಅವನಿಗೆ ವೇದನೆಯಾಗುತ್ತದೆ. ಕತ್ತಿ ಒರೆಗೆ ಸೇರಿತು; ಕೊಲ್ಲಬೇಕೆಂಬ ಸಂಕಲ್ಪ ಹೊರಗೇ ಉಳಿಯಿತು.

ಭರತಮುನಿಯು ಎಣಿಸಿದ ೩೩ ವ್ಯಭಿಚಾರಿಭಾವಗಳಲ್ಲಿ ಅವಹಿತ್ಥವೆಂಬುದೊಂದು. ಒಳಗಿನ ಭಾವವು ಹೊರಗೆ ತೋರದಂತೆ ಮರೆಮಾಡುವುದೇ ಅದರ ಲಕ್ಷಣ. ಅಸೂಯೆ, ಅಮರ್ಷ, ಉಗ್ರತೆಗಳೂ ಆ ಪಟ್ಟಿಯಲ್ಲಿ ಇವೆ. ಯಶೋಧರನಲ್ಲಿ ಇವೆಲ್ಲವೂ ಒಮ್ಮೆಲೇ ಏಳುತ್ತವೆ. ಆದರೆ ಎಲ್ಲವನ್ನೂ ಅವಹಿತ್ಥವು ಹೊದ್ದುಕೊಳ್ಳುತ್ತದೆ. ಮುಚ್ಚಿಟ್ಟ ಮಾತು ಸುಮ್ಮನಿರದೆ ಬೇರೆ ಬೇರೆ ವೇಷಗಳಲ್ಲಿ ಹೊರಬೀಳುತ್ತದೆ. ಮರುದಿನ ಅವನು ವಿನೋದವೆಂಬಂತೆ ರಾಣಿಯನ್ನು ನೆಯ್ದಿಲ ಹೂವಿನಿಂದ ಹೊಡೆಯುತ್ತಾನೆ. ಅವಳು ಮೂರ್ಛೆ ಹೋದವಳಂತೆ ಬೀಳುತ್ತಾಳೆ. ಎಚ್ಚರಿಸಿ, ಈ ದಿನ ಬದುಕಿಕೊಂಡೆಯಲ್ಲಾ ಎಂಬ ಅರ್ಥದ ಮಾತನ್ನಾಡುತ್ತಾನೆ. ಅದು ಕತ್ತಿಗೆ ಬದಲಾಗಿ ಬಂದ ಹೂವು. ಬಳಿಕ ತಾಯಿ ಚಂದ್ರಮತಿಯು ಮಗನ ಮುಖ ಬಾಡಿರುವುದೇಕೆಂದು ಕೇಳಿದಾಗ, ಕೆಟ್ಟ ಕನಸು ಕಂಡೆನೆಂದು ಹೇಳುತ್ತಾನೆ. ಅದು ಸತ್ಯಕ್ಕೆ ಬದಲಾಗಿ ಬಂದ ಸ್ವಪ್ನ. ಮಗನ ಕ್ಷೇಮವನ್ನೇ ಬಯಸುವ ಆ ತಾಯಿ ಕನಸನ್ನು ದಿಟವೆಂದು ನಂಬಿ, ಶಾಂತಿಗಾಗಿ ದೇವಿಗೆ ಬಲಿ ಕೊಡಬೇಕೆನ್ನುತ್ತಾಳೆ. ಮಗನು ಪ್ರಾಣಿವಧೆಗೆ ಒಪ್ಪದಿರಲು ಹಿಟ್ಟಿನ ಕೋಳಿ ಸಿದ್ಧವಾಗುತ್ತದೆ. ಅದು ಪ್ರಾಣಕ್ಕೆ ಬದಲಾಗಿ ಬಂದ ಪಿಷ್ಟ. ಆದರೆ ಕಡಿದೊಡನೆ ಆ ಕೋಳಿ ಕೂಗಿತು!

ಹೀಗೆ ನೋಡಿದರೆ ಧರ್ಮೋಪದೇಶಕ್ಕೂ ಮನೋಧರ್ಮದ ಚಿತ್ರಣಕ್ಕೂ ವಿರೋಧವಿಲ್ಲ. ಸಂಕಲ್ಪವೇ ಹಿಂಸೆಯೆಂಬುದು ಸಿದ್ಧಾಂತವಾದರೆ, ಆ ಸಂಕಲ್ಪ ಹುಟ್ಟಿದುದು ಬಲಿಪೀಠದೆದುರಿಗಲ್ಲ, ಗಜಶಾಲೆಯ ಕತ್ತಲೆಯಲ್ಲಿ. ಅಲ್ಲಿ ಇಳಿಯದೆ ಉಳಿದ ಕತ್ತಿ ಕೋಳಿಯ ಮೇಲೆ ಇಳಿಯಿತು. ಪತ್ನಿಯೆದುರು ಒಮ್ಮೆ ಬಾಯಿಬಿಟ್ಟು ಕೇಳಿದ್ದರೆ ಮುಂದೇನಾಗುತ್ತಿತ್ತೆಂದು ಕಾವ್ಯ ಹೇಳುವುದಿಲ್ಲ. ಕೇಳದಿದ್ದುದರಿಂದ ಏನಾಯಿತೆಂಬುದು ಮಾತ್ರ ಸ್ಪಷ್ಟ. ಅರಸನು ವಿರಕ್ತನಾಗಿ ಮಗ ಯಶೋಮತಿಗೆ ರಾಜ್ಯವನ್ನು ಒಪ್ಪಿಸಲು ಹೊರಟಾಗ, ತನ್ನ ಗುಟ್ಟು ಬಯಲಾಯಿತೆಂದು ಅಂಜಿದ ಅಮೃತಮತಿಯು ಅವನಿಗೂ ಅತ್ತೆಗೂ ವಿಷವಿಕ್ಕುತ್ತಾಳೆ. ಅವನು ಮುಚ್ಚಿದನು, ಅವಳೂ ಮುಚ್ಚಿದಳು. ಏನನ್ನೂ ಅರಿಯದ ಮುದುಕಿ ನಡುವೆ ಸತ್ತಳು.

ಕಾವ್ಯದಲ್ಲಿ ನ್ಯೂನತೆಯೇ ಇಲ್ಲವೆಂದಲ್ಲ. ಅರಸನ ಮರಣದ ತರುವಾಯ ಕರ್ಮಫಲದ ಲೆಕ್ಕವೇ ಪ್ರಧಾನವಾಗಿ ಅಂತರಂಗದ ಶೋಧನೆ ಹಿಂದೆ ಸರಿಯುತ್ತದೆ. ಅಮೃತಮತಿಯ ಮನಸ್ಸಿನೊಳಗೆ ಅಷ್ಟು ದೂರ ಹೋದ ಕವಿ ಕಡೆಯಲ್ಲಿ ಅವಳನ್ನು ಪಾಪಕ್ಕೆ ನಿದರ್ಶನವಾಗಿಸಿ ಬಿಟ್ಟುಬಿಡುತ್ತಾನೆ. ೧೯೮೦ರಲ್ಲಿ ‘ಹಿಟ್ಟಿನ ಹುಂಜ’ವೆಂಬ ನಾಟಕವಾಗಿ ಗಿರೀಶ ಕಾರ್ನಾಡರು ಈ ವಸ್ತುವನ್ನು ಮತ್ತೆ ಎತ್ತಿಕೊಂಡುದನ್ನು ನೋಡಿದರೆ, ಏಳು ಶತಮಾನಗಳು ಕಳೆದರೂ ಆ ಪ್ರಶ್ನೆ ತೀರಿಲ್ಲವೆಂದು ತಿಳಿಯಬಹುದು.

ಮನೆಯ ಮಾನವನ್ನು ಕಾಯಲೆಂದು ಮನಸ್ಸಿನ ಮಾತನ್ನು ನುಂಗುವುದು ಸದ್ಗೃಹಸ್ಥರಲ್ಲಿ ಗುಣವೆಂದು ಗಣ್ಯವಾಗಿದೆ. ಕೈಯೆತ್ತದವನನ್ನು ಅಹಿಂಸಕನೆಂದು ಲೋಕ ಹೊಗಳುತ್ತದೆ. ಯಶೋಧರನೂ ಕೈಯೆತ್ತಿದವನಲ್ಲ, ಹೂವಿನಿಂದ ಮಾತ್ರ ಹೊಡೆದವನು. ಎರಡನೆಯ ಅವತಾರವನ್ನು ಮತ್ತೊಮ್ಮೆ ಓದುವವರು ಹಿಟ್ಟಿನ ಕೋಳಿಯ ಕೂಗಿಗಿಂತ ಮೊದಲು ಆ ಹೂವಿನ ಪೆಟ್ಟಿನ ಸದ್ದನ್ನು ಕೇಳಿಕೊಳ್ಳಬೇಕು.